ಹೆರಿಗೆ ಕಾಯುವ ದೇವಿ ಕನ್ಯೆಯೇ ಯಾಕೆ? ಪ್ರಾಚೀನ ಗ್ರೀಸಿನ ಹೆಂಗಸರು ಆರ್ಟೆಮಿಸಳಿಗೆ ಒಪ್ಪಿಸಿದ ಬಟ್ಟೆಗಳು

ಒಂದು ಸಲ ಹೆರುವುದಕ್ಕಿಂತ ಮೂರು ಸಲ ಗುರಾಣಿ ಹಿಡಿದು ಯುದ್ಧಕ್ಕೆ ನಿಲ್ಲೋದು ವಾಸಿ. ಕ್ರಿ.ಪೂ. 431ರಲ್ಲಿ ಅಥೆನ್ಸಿನ ರಂಗದ ಮೇಲೆ ಒಂದು ಹೆಣ್ಣು ಪಾತ್ರ ಆಡಿದ ಮಾತು ಇದು. ನಾಟಕ ಯೂರಿಪಿಡಿಸನ 'ಮೀಡಿಯಾ'. ಬರೆದವನು ಗಂಡಸು, ಹೆಣ್ಣು ವೇಷ ಹಾಕಿದವನೂ ಗಂಡಸು, ನೋಡಲು ಕೂತವರಲ್ಲೂ ಗಂಡಸರೇ ಜಾಸ್ತಿ. ಆದರೂ ಆ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗು ಅಡ್ಡ ತಿರುಗಿದರೆ, ಮಾಸು ಒಳಗೇ ಉಳಿದರೆ, ರಕ್ತ ನಿಲ್ಲದಿದ್ದರೆ, ಮೂರನೇ ದಿನ ಚಳಿ ಜ್ವರ ಏರಿದರೆ ಏನಾಗುತ್ತದೆ ಅಂತ ಅಲ್ಲಿ ಕೂತಿದ್ದ ಪ್ರತಿ ಮನೆಯವರಿಗೂ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ಗ್ರೀಕ್ ಹೆಂಗಸರು ಯಾರನ್ನು ಕೂಗುತ್ತಿದ್ದರು? ಹತ್ತು ಮಕ್ಕಳ ತಾಯಿಯಾದ ಯಾವುದೋ ದೇವಿಯನ್ನಲ್ಲ. ಹೆಚ್ಚಾಗಿ ಕೂಗುತ್ತಿದ್ದದ್ದು ಆರ್ಟೆಮಿಸಳನ್ನು. ಮದುವೆಯೇ ಬೇಡ ಅಂದವಳು, ಹೆತ್ತವಳಲ್ಲ, ಬಿಲ್ಲು ಹಿಡಿದು ಕಾಡಿನಲ್ಲಿ ಬೇಟೆಯಾಡುವವಳು. ಅವಳನ್ನು ಹೆರಿಗೆಯ ಮನೆಗೆ ಕರೆಯೋದು ವಿಚಿತ್ರ ಅಲ್ವಾ? ಗ್ರೀಕರಿಗೆ ಅದು ವಿಚಿತ್ರ ಅನ್ನಿಸಲಿಲ್ಲ. ಯಾಕೆ ಅನ್ನಿಸಲಿಲ್ಲ ಅಂತ ನೋಡುತ್ತಾ ಹೋದರೆ ಆ ಕಾಲದ ಹೆಂಗಸರ ಬದುಕು ಬೇರೆ ಯಾವ ದಾರಿಯಲ್ಲೂ ಕಾಣದಷ್ಟು ಹತ್ತಿರದಿಂದ ಕಾಣುತ್ತದೆ.

ಮೊದಲು ಅವಳಿಗಿಂತ ಹಳಬಳಾದ ಇನ್ನೊಬ್ಬಳ ಬಗ್ಗೆ ಹೇಳಬೇಕು. ಹೆಸರು ಐಲಿಥಿಯಾ. ಹೆರಿಗೆ ಬಿಟ್ಟರೆ ಬೇರೆ ಕೆಲಸವೇ ಇಲ್ಲದ ದೇವತೆ. ಕ್ರೀಟ್ ದ್ವೀಪದ ಕ್ನೋಸೋಸ್ ಅರಮನೆಯಲ್ಲಿ ಸಿಕ್ಕ ಒಂದು ಮಣ್ಣಿನ ಫಲಕದಲ್ಲಿ, ಅಮ್ನಿಸೋಸಿನಲ್ಲಿರುವ ಇವಳಿಗೆ ಒಂದು ಜಾಡಿ ಜೇನು ಅಂತ ಲೆಕ್ಕ ಬರೆದಿದ್ದಾರೆ. ಫಲಕ ಮೂರು ಸಾವಿರ ವರ್ಷಕ್ಕೂ ಹಳೆಯದು. ಆ ಲಿಪಿಯನ್ನು ಮೈಕಲ್ ವೆಂಟ್ರಿಸ್ 1952ರಲ್ಲಿ ಬಿಡಿಸುವ ತನಕ ಇದು ಯಾರಿಗೂ ಓದಲು ಬರುತ್ತಿರಲಿಲ್ಲ. ಅಮ್ನಿಸೋಸಿನ ಹತ್ತಿರ ಅವಳ ಗುಹೆ ಈಗಲೂ ಇದೆ, ಹೋಮರನ 'ಒಡಿಸ್ಸಿ'ಯಲ್ಲೂ ಅದರ ಹೆಸರು ಬರುತ್ತದೆ. ಒಳಗೆ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ತಾನಾಗಿ ಬೆಳೆದು ನಿಂತ ಸುಣ್ಣದ ಕಂಬಗಳಿವೆ. ಅದರಲ್ಲಿ ಹೆಂಗಸಿನ ಮೈಯನ್ನು ಹೋಲುವ ಒಂದರ ಸುತ್ತ ಸಣ್ಣ ಗೋಡೆ ಕಟ್ಟಿ ಪೂಜೆ ಮಾಡಿದ್ದಾರೆ. ಅರಮನೆಗಳು ಬಿದ್ದವು, ಭಾಷೆ ಬದಲಾಯಿತು, ರೋಮನ್ನರು ಬಂದರು, ಅಷ್ಟಾದರೂ ಆ ಗುಹೆಗೆ ಜನ ಹೋಗೋದು ಪೂರ್ತಿ ನಿಲ್ಲಲಿಲ್ಲ.

ಐಲಿಥಿಯಾ ಹೇಗೆ ಕೆಲಸ ಮಾಡುತ್ತಾಳೆ ಅನ್ನೋದಕ್ಕೆ ಒಂದು ಹಳೆಯ ಸ್ತೋತ್ರದಲ್ಲಿ ಕಥೆ ಇದೆ. ಅಪೊಲೊ ದೇವರನ್ನು ಹೊಟ್ಟೆಯಲ್ಲಿ ಹೊತ್ತ ಲೆಟೋ ಡೆಲೋಸ್ ದ್ವೀಪದಲ್ಲಿ ಒಂಬತ್ತು ಹಗಲು, ಒಂಬತ್ತು ರಾತ್ರಿ ನೋವು ತಿನ್ನುತ್ತಾಳೆ. ದೊಡ್ಡ ದೊಡ್ಡ ದೇವಿಯರೆಲ್ಲ ಸುತ್ತ ಕೂತಿದ್ದಾರೆ, ಆದರೆ ಮಗು ಬರುತ್ತಿಲ್ಲ. ಯಾಕಂದರೆ ದೇವತೆಗಳ ರಾಜ ಸ್ಯೂಸನ ಹೆಂಡತಿ ಹೇರಾ ಹೊಟ್ಟೆಕಿಚ್ಚಿನಿಂದ ಐಲಿಥಿಯಾಗೆ ಸುದ್ದಿಯೇ ಮುಟ್ಟದ ಹಾಗೆ ಮಾಡಿದ್ದಾಳೆ. ಕೊನೆಗೆ ಒಂಬತ್ತು ಮೊಳದ ಹಾರದ ಆಸೆ ತೋರಿಸಿ, ಹೇರಾಳ ಕಣ್ಣು ತಪ್ಪಿಸಿ ಐಲಿಥಿಯಾಳನ್ನು ಕರೆಸುತ್ತಾರೆ. ಅವಳು ದ್ವೀಪದ ಮೇಲೆ ಕಾಲಿಟ್ಟ ಕ್ಷಣವೇ ಲೆಟೋ ಖರ್ಜೂರದ ಮರವನ್ನು ತಬ್ಬಿಕೊಂಡು, ಮೆತ್ತನೆ ಹುಲ್ಲಿನ ಮೇಲೆ ಮಂಡಿಯೂರಿ ಹೆರುತ್ತಾಳೆ. ಈ ಕಥೆಯಲ್ಲಿ ದೇವತೆ ಏನೂ ಮಾಡೋದಿಲ್ಲ ಅನ್ನೋದನ್ನು ಗಮನಿಸಿ. ಔಷಧಿ ಕೊಡಲ್ಲ, ಮುಟ್ಟಲ್ಲ. ಬರುತ್ತಾಳೆ, ಅಷ್ಟೇ. ಅವಳು ಬಂದರೆ ಮಗು ಬರುತ್ತದೆ, ಬರದಿದ್ದರೆ ಇಲ್ಲ. ಗ್ರೀಕ್ ಹೆಂಗಸರ ಪ್ರಾರ್ಥನೆಗಳು "ಬಾ" ಅಂತ ಶುರುವಾಗೋದು ಇದಕ್ಕೇ.

ಬರುವ ಶಕ್ತಿ ಇದ್ದವಳಿಗೆ ತಡೆಯುವ ಶಕ್ತಿಯೂ ಇರುತ್ತದೆ. ಹೆರಾಕ್ಲಿಸನ ತಾಯಿ ಆಲ್ಕ್‌ಮೀನಿಯ ಕಥೆಯನ್ನು ರೋಮಿನ ಕವಿ ಓವಿಡ್ ಹೇಳುವ ಹಾಗೆ, ಹೆರಿಗೆಯ ದೇವತೆಯೇ ಬಂದು ಬಾಗಿಲ ಹತ್ತಿರದ ಬಲಿಪೀಠದ ಮೇಲೆ ಕೂರುತ್ತಾಳೆ, ಮೊಣಕಾಲ ಮೇಲೆ ಮೊಣಕಾಲು ಹಾಕಿ, ಬೆರಳಿಗೆ ಬೆರಳು ಹೆಣೆದುಕೊಂಡು. ಏಳು ದಿನ ಹೆರಿಗೆ ಕಟ್ಟಿಹೋಗುತ್ತದೆ. ಅನುಮಾನ ಬಂದ ಕೆಲಸದ ಹುಡುಗಿಯೊಬ್ಬಳು ಹೊರಗೆ ಓಡಿಬಂದು "ಮಗು ಹುಟ್ಟಿತು!" ಅಂತ ಸುಳ್ಳು ಕೂಗಿದಾಗ ದೇವತೆ ಬೆಚ್ಚಿ ಎದ್ದು ಬೆರಳು ಬಿಡಿಸುತ್ತಾಳೆ, ಒಳಗೆ ಮಗು ಹುಟ್ಟೇಬಿಡುತ್ತದೆ. ರೋಮಿನಲ್ಲಿ ಜೂನೋ ಲೂಸಿನಾ ಅನ್ನುವ ದೇವಿಗೆ ಮಾರ್ಚ್ 1ರಂದು ಹಬ್ಬ, ಆವತ್ತು ಬಸುರಿಯರು ಜಡೆ ಬಿಚ್ಚಿಯೇ ಅವಳ ಮುಂದೆ ಬೇಡಿಕೊಳ್ಳಬೇಕು. ಮೈಮೇಲೆ ಎಲ್ಲೂ ಗಂಟಿರಬಾರದು, ಗಂಟಿದ್ದರೆ ಹೆರಿಗೆಯೂ ಗಂಟಾಗುತ್ತದೆ ಅನ್ನೋ ಲೆಕ್ಕ.

ಈಗ ಆರ್ಟೆಮಿಸಳ ವಿಷಯ. 'ಇಲಿಯಡ್'ನಲ್ಲಿ ಹೇರಾ ಅವಳನ್ನು ಬೈಯುತ್ತಾ, ಸ್ಯೂಸ್ ನಿನ್ನನ್ನು ಹೆಂಗಸರ ಪಾಲಿಗೆ ಸಿಂಹ ಮಾಡಿದ್ದಾನೆ, ಯಾರನ್ನು ಬೇಕಾದರೂ ಕೊಲ್ಲಲು ಬಿಟ್ಟಿದ್ದಾನೆ ಅನ್ನುತ್ತಾಳೆ. ಹೆಂಗಸು ಇದ್ದಕ್ಕಿದ್ದ ಹಾಗೆ ಸತ್ತರೆ ಅದು ಆರ್ಟೆಮಿಸಳ ಬಾಣ. ಚೆನ್ನಾಗಿದ್ದ ಬಸುರಿ ಬೆಳಗಾಗುವುದರೊಳಗೆ ಸತ್ತಳು ಅಂದರೆ ಅದಕ್ಕೆ ಅವರ ಹತ್ತಿರ ಇದ್ದ ವಿವರಣೆ ಅದೇ. ಹೀಗೆ ಯೋಚಿಸಿದರೆ ಹರಕೆ ಯಾರಿಗೆ ಹೊರಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ. ಕೊಲ್ಲುವ ಬಿಲ್ಲು ಯಾರ ಕೈಯಲ್ಲಿದೆಯೋ ಅವಳನ್ನೇ ತಾನೇ ಬೇಡಿಕೊಳ್ಳಬೇಕು? ಈ ಪೂಜೆಯನ್ನು ಸುಮ್ನೆ ತಾಯ್ತನದ ಆರಾಧನೆ ಅಂತ ಬರೆಯುವವರು ಇದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಇದರ ಬುಡದಲ್ಲಿರೋದು ಭಯ, ಅದೂ ತುಂಬ ನ್ಯಾಯವಾದ ಭಯ.

ಭಯ ಅರ್ಧ ಉತ್ತರ ಅಷ್ಟೇ. ಇನ್ನರ್ಧ ಬ್ರೌರೋನಿನಲ್ಲಿದೆ.

ಬ್ರೌರೋನ್ ಅಥೆನ್ಸಿನ ಪೂರ್ವಕ್ಕೆ, ಸಮುದ್ರದ ಹತ್ತಿರ, ಒಂದು ಸಣ್ಣ ನದಿಯ ಪಕ್ಕ ಇರುವ ಜಾಗ. ಇಲ್ಲಿ ಆರ್ಟೆಮಿಸಳ ಗುಡಿ, ಊಟದ ಕೋಣೆಗಳಿದ್ದ ಮೂರು ಬದಿಯ ಕಂಬಸಾಲು, ಒಂದು ನೀರಿನ ಬುಗ್ಗೆ ಇದ್ದವು. 1948ರಲ್ಲಿ ಇಯೊವಾನಿಸ್ ಪಾಪಾದಿಮಿತ್ರಿಯು ಇಲ್ಲಿ ಉತ್ಖನನ ಶುರುಮಾಡಿದರು. ಬುಗ್ಗೆಯ ಕೆಸರಿನಲ್ಲಿ ಕಂಚಿನ ಕನ್ನಡಿಗಳು, ಒಡವೆಗಳು, ಸಾಮಾನ್ಯವಾಗಿ ಉಳಿಯದ ಮರದ ಸಾಮಾನುಗಳು ಕೂಡ ಸಿಕ್ಕವು. ಕನ್ನಡಿ, ಒಡವೆ ಎರಡೂ ಹೆಂಗಸರ ಸ್ವಂತದ್ದು. ತಮ್ಮದನ್ನೇ ತಂದು ನೀರಿಗೆ ಹಾಕಿದ್ದಾರೆ.

ಇಲ್ಲಿ ಅಥೆನ್ಸಿನ ಹುಡುಗಿಯರು ಚಿಕ್ಕಂದಿನಲ್ಲೇ ಬಂದು "ಕರಡಿ" ಆಗುತ್ತಿದ್ದರು. ಹಿಂದೆ ಯಾವಾಗಲೋ ಆರ್ಟೆಮಿಸಳಿಗೆ ಸೇರಿದ ಒಂದು ಸಾಕಿದ ಕರಡಿಯನ್ನು ಜನ ಕೊಂದರಂತೆ. ಅವಳು ಸಿಟ್ಟಾದಳು, ಊರಿಗೆ ರೋಗ ಬಂತು. ಅದರ ಋಣ ತೀರಿಸಲು ಮದುವೆಗೆ ಮುಂಚೆ ಹುಡುಗಿಯರು ಅವಳ ಮುಂದೆ ಕರಡಿಯಾಡಬೇಕು ಅಂತ ಕಟ್ಟಾಯಿತು. ಐದರಿಂದ ಹತ್ತು ವರ್ಷದ ಹುಡುಗಿಯರು ಅಂತ ಹಳೆಯ ಟಿಪ್ಪಣಿಗಳು ಹೇಳುತ್ತವೆ. ಅಲ್ಲಿ ಸಿಕ್ಕ ಪುಟ್ಟ ಮಡಕೆಗಳ ಮೇಲೆ ಹುಡುಗಿಯರು ಓಡುವ, ಕುಣಿಯುವ ಚಿತ್ರಗಳಿವೆ, ಕೆಲವರು ಗಿಡ್ಡ ಅಂಗಿಯಲ್ಲಿ, ಕೆಲವರು ಬರಿಮೈಯಲ್ಲಿ. ಕ್ರಿ.ಪೂ. 411ರ ಒಂದು ಹಾಸ್ಯನಾಟಕದಲ್ಲಿ ಅರಿಸ್ಟೊಫನೀಸನ ಹೆಂಗಸರು ತಾವು ಚಿಕ್ಕವರಿದ್ದಾಗ ಬ್ರೌರೋನಿನಲ್ಲಿ ಕರಡಿ ಆಗಿದ್ದನ್ನು ಹೆಮ್ಮೆಯಿಂದ ನೆನೆಯುತ್ತಾರೆ.

ಇದಕ್ಕೂ ಹೆರಿಗೆಗೂ ಏನು ಸಂಬಂಧ? ಆರ್ಟೆಮಿಸ್ ಕಾಡಿನ ಮರಿಗಳ, ಇನ್ನೂ ಪಳಗದ ಎಳೆಯ ಜೀವಗಳ ಒಡತಿ. ಮದುವೆಯಾಗದ ಹುಡುಗಿಯೂ ಅವಳ ಪಾಲಿನವಳೇ. ಗ್ರೀಕ್ ಹುಡುಗಿಗೆ ಹದಿನಾಲ್ಕು ಹದಿನೈದಕ್ಕೆಲ್ಲ ಮದುವೆ ಆಗುತ್ತಿತ್ತು, ಗಂಡನಿಗೆ ಮೂವತ್ತರ ಹತ್ತಿರ. ಮದುವೆಯಾಗಿ, ಮೊದಲ ಹೆರಿಗೆ ಆಗಿ ಅವಳು ಆರ್ಟೆಮಿಸಳ ಕೈಯಿಂದ ಪೂರ್ತಿ ಆಚೆ ಬರುತ್ತಾಳೆ. ತನ್ನದನ್ನು ಬಿಟ್ಟುಕೊಡುವ ದೇವಿ ಸುಮ್ಮನೆ ಬಿಟ್ಟುಕೊಡುತ್ತಾಳಾ? ಹಾಗಾಗಿ ಚಿಕ್ಕಂದಿನಲ್ಲೇ ಅವಳ ಸೇವೆ, ಮದುವೆಗೆ ಮುಂಚೆ ಕಾಣಿಕೆ, ಹೆತ್ತ ಮೇಲೆ ಇನ್ನೊಂದು ಕಾಣಿಕೆ. ನೋವು ಬಂದಾಗ ಕೂಗೋದು ಗುರುತಿಲ್ಲದ ದೇವಿಯನ್ನಲ್ಲ, ಆರು ವರ್ಷದವಳಿದ್ದಾಗ ಯಾರ ಅಂಗಳದಲ್ಲಿ ಓಡಿದ್ದಳೋ ಅವಳನ್ನೇ. ಈ ಸಂಬಂಧ ಹೆರಿಗೆಯ ದಿನ ಹುಟ್ಟಿದ್ದಲ್ಲ, ಅವಳ ಜೊತೆಗೇ ಬೆಳೆದದ್ದು. ಕನ್ಯೆ ದೇವಿ ಬಾಣಂತಿಯನ್ನು ಯಾಕೆ ಕಾಯುತ್ತಾಳೆ ಅನ್ನೋ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಹೆತ್ತ ಮೇಲೆ ಕೊಡುತ್ತಿದ್ದ ಕಾಣಿಕೆಯಲ್ಲಿ ಮುಖ್ಯವಾದದ್ದು ಬಟ್ಟೆ. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಮೇಲೂ ಬ್ರೌರೋನಿನ ಆರ್ಟೆಮಿಸಳಿಗೆ ಒಂದು ಆವರಣ ಇತ್ತು. ಆ ಗುಡ್ಡದ ಮೇಲೆ ಸಿಕ್ಕ ಕ್ರಿ.ಪೂ. 4ನೇ ಶತಮಾನದ ಕಲ್ಲುಗಳ ಮೇಲೆ ದೇವಿಯ ಬಟ್ಟೆಗಳ ಪಟ್ಟಿಯನ್ನೇ ಕೆತ್ತಿದ್ದಾರೆ, ವರ್ಷದ ಲೆಕ್ಕದಲ್ಲಿ, ಕೊಟ್ಟವಳ ಹೆಸರಿನ ಜೊತೆಗೆ. ಕಲ್ಲಿಪ್ಪೆ ಕೊಟ್ಟದ್ದು ಅಂಚು ಕತ್ತರಿಸಿದ, ಕಸೂತಿ ಇರುವ ಗಿಡ್ಡ ಅಂಗಿ, ಅದರಲ್ಲಿ ಅಕ್ಷರ ನೇಯ್ದಿದೆ. ಫೈಡಿಲ್ಲಾ ಕೊಟ್ಟದ್ದು ಹೆಂಗಸರು ಹೊದೆಯುವ ಬಿಳಿ ಮೇಲುಬಟ್ಟೆ, ಪೆಟ್ಟಿಗೆಯಲ್ಲಿದೆ. ಮ್ನೇಸೋ ಕೊಟ್ಟದ್ದು ಕಪ್ಪೆ ಹಸಿರು ಬಣ್ಣದ್ದು. ನೌಸಿಸ್ ಕೊಟ್ಟದ್ದಕ್ಕೆ ಅಗಲವಾದ ನೇರಳೆ ಅಂಚು, ಅಲೆಯ ವಿನ್ಯಾಸ. ಕೆಲವು ಬಟ್ಟೆ ವಿಗ್ರಹಕ್ಕೇ ಉಡಿಸಿದೆ, ಯಾವ ವಿಗ್ರಹಕ್ಕೆ ಅಂತಲೂ ಬರೆದಿದೆ. ಬಣ್ಣ, ಅಂಚು, ನೂಲು, ಹರಿದಿದೆಯಾ, ಅರ್ಧ ನೇಯ್ದದ್ದಾ, ಎಲ್ಲಾ ದಾಖಲೆ.

ಇದನ್ನು ಮೊದಲು ಓದಿದಾಗ ನಾನು ಮ್ನೇಸೋಳ ಕಪ್ಪೆ ಹಸಿರಿನ ಹತ್ತಿರ ನಿಂತುಬಿಟ್ಟೆ. ಅದೇ ಅಥೆನ್ಸಿನಲ್ಲಿ ಮರ್ಯಾದಸ್ಥ ಮನೆಯ ಹೆಂಗಸಿನ ಹೆಸರನ್ನು ನ್ಯಾಯಾಲಯದಲ್ಲೂ ಹೇಳುತ್ತಿರಲಿಲ್ಲ, ಇಂಥವನ ಹೆಂಡತಿ, ಇಂಥವನ ಮಗಳು ಅಂತ ಸುತ್ತಿ ಹೇಳುತ್ತಿದ್ದರು. 'ಮೀಡಿಯಾ' ಆಡಿದ ಅದೇ ಸುಮಾರಿಗೆ, ಯುದ್ಧದಲ್ಲಿ ಸತ್ತವರ ಶ್ರದ್ಧಾಂಜಲಿ ಭಾಷಣದಲ್ಲಿ ಅಥೆನ್ಸಿನ ನಾಯಕ ಪೆರಿಕ್ಲಿಸ್ ವಿಧವೆಯರಿಗೆ ಹೇಳಿದ್ದು ಏನು ಗೊತ್ತಾ? ಹೊಗಳಿಕೆಗಾಗಲಿ ತೆಗಳಿಕೆಗಾಗಲಿ ಗಂಡಸರ ಬಾಯಲ್ಲಿ ನಿಮ್ಮ ಹೆಸರು ಎಷ್ಟು ಕಡಿಮೆ ಬರುತ್ತದೋ ಅಷ್ಟು ನಿಮಗೆ ಕೀರ್ತಿ ಅಂತ. ಅಂಥ ಊರಿನ ನೆತ್ತಿಯ ಮೇಲೆ, ಸರ್ಕಾರಿ ಲೆಕ್ಕದಲ್ಲಿ, ಕಲ್ಲಿನಲ್ಲಿ ಕಲ್ಲಿಪ್ಪೆ, ಮ್ನೇಸೋ, ನೌಸಿಸ್ ಅಂತ ಹೆಸರು ಹೆಸರಾಗಿ ಇದ್ದಾರೆ. ಅವರನ್ನು ಅಲ್ಲಿಗೆ ತಂದದ್ದು ಅವರು ಕೊಟ್ಟ ಬಟ್ಟೆ. ನೂಲುವುದು, ನೇಯುವುದು ಮನೆಯೊಳಗೆ ಹೆಂಗಸರ ದುಡಿಮೆ, ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಹೊಲ ಮನೆ ಯಾವುದೂ ಅವಳ ಹೆಸರಿನಲ್ಲಿ ಇರದ ಕಾಲದಲ್ಲಿ ತನ್ನದು ಅಂತ ಕೊಡಬಹುದಾಗಿದ್ದ ವಸ್ತು ಅದು.

ಒಂದು ಎಚ್ಚರಿಕೆ ಹೇಳಲೇಬೇಕು. ಪಟ್ಟಿಯಲ್ಲಿ ಯಾಕೆ ಕೊಟ್ಟಳು ಅಂತ ಕಾರಣ ಬರೆದಿಲ್ಲ. ಎಲ್ಲವೂ ಹೆರಿಗೆಯ ಹರಕೆಯೇ ಅಂತ ಹೇಳಲು ಬರುವುದಿಲ್ಲ, ಮದುವೆಗೆ ಕೊಟ್ಟದ್ದೂ ಇರಬಹುದು. ಆದರೆ ಹೆತ್ತ ಮೇಲೆ ಆರ್ಟೆಮಿಸಳಿಗೆ ಬಟ್ಟೆ ಒಪ್ಪಿಸುವ ಪದ್ಧತಿ ಇತ್ತು ಅಂತ ಬೇರೆ ಬರಹಗಳಿಂದ ಗೊತ್ತು. ಇನ್ನೊಂದು ವಿಷಯ ಇದಕ್ಕಿಂತ ಕಷ್ಟದ್ದು. ಯೂರಿಪಿಡಿಸನ ಇನ್ನೊಂದು ನಾಟಕದ ಕೊನೆಯಲ್ಲಿ ಅಥೀನಾ ದೇವಿ ಆರ್ಟೆಮಿಸಳ ಪೂಜಾರಿಣಿ ಇಫಿಜಿನಿಯಾಗೆ ಹೀಗೆ ಹೇಳುತ್ತಾಳೆ: ನೀನು ಬ್ರೌರೋನಿನಲ್ಲಿ ಆರ್ಟೆಮಿಸಳ ಸೇವೆ ಮಾಡಿ ಅಲ್ಲೇ ಮಣ್ಣಾಗುತ್ತೀಯ, ಹೆರಿಗೆಯಲ್ಲಿ ಪ್ರಾಣ ಬಿಟ್ಟ ಹೆಂಗಸರು ಮನೆಯಲ್ಲಿ ಬಿಟ್ಟುಹೋದ ಒಳ್ಳೆಯ ನೇಯ್ಗೆಯ ಬಟ್ಟೆಗಳನ್ನು ನಿನಗೆ ಒಪ್ಪಿಸುತ್ತಾರೆ ಅಂತ. ಅಂದರೆ ಬದುಕಿದವಳ ಬಟ್ಟೆ ಆರ್ಟೆಮಿಸಳಿಗೆ, ಸತ್ತವಳ ಬಟ್ಟೆ ಇಫಿಜಿನಿಯಾಗೆ. ಪಟ್ಟಿಯ ಅರ್ಧ ನೇಯ್ದ ಬಟ್ಟೆಗಳು ಮಗ್ಗದ ಮೇಲೆ ಕೆಲಸ ಬಿಟ್ಟು ಹೋಗಿ ಹೆರಿಗೆಯಲ್ಲಿ ಸತ್ತವರದ್ದೇ ಅಂತ ಕೆಲವು ವಿದ್ವಾಂಸರು ಬರೆದರು. ಮನಸ್ಸಿಗೆ ತಟ್ಟುವ ಮಾತು. ಆದರೆ ಪಟ್ಟಿ ಆರ್ಟೆಮಿಸಳದ್ದು, ಇಫಿಜಿನಿಯಾಳದ್ದಲ್ಲ, ಅದರಲ್ಲಿ ಸಾವಿನ ಸುದ್ದಿಯೂ ಇಲ್ಲ. ಅರ್ಧ ನೇಯ್ದದ್ದನ್ನೇ ಕೊಡಲು ನೂರು ಕಾರಣ ಇರಬಹುದು. ಆ ಹೆಂಗಸರ ಹೆಸರೇ ಇಷ್ಟು ಕಷ್ಟದಲ್ಲಿ ಉಳಿದಿರುವಾಗ, ಸಾಕ್ಷಿ ಇಲ್ಲದೆ ಅವರನ್ನು ಸಾಯಿಸೋದು ಬೇಡ ಅನ್ನೋದು ನನ್ನ ನಿಲುವು.

ಬಟ್ಟೆಗಳೇನೋ ಕೊಳೆತು ಹೋದವು. ಅವು ಗುಡಿಯಲ್ಲಿ ಹೇಗಿದ್ದವು ಅಂತ ತೋರಿಸುವ ಒಂದು ಅಮೃತಶಿಲೆಯ ಉಬ್ಬುಚಿತ್ರ ಮಾತ್ರ ಮಧ್ಯ ಗ್ರೀಸಿನ ಲಾಮಿಯಾ ಹತ್ತಿರದ ಅಖಿನೋಸಿನಲ್ಲಿ ಸಿಕ್ಕಿದೆ. ಕ್ರಿ.ಪೂ. 300ರ ಸುಮಾರಿನದು. ಬಲಗಡೆ ಆರ್ಟೆಮಿಸ್ ಉದ್ದನೆಯ ಪಂಜು ಹಿಡಿದು ನಿಂತಿದ್ದಾಳೆ. ಎದುರಿಗೆ ಒಬ್ಬಳು ಕೂಸನ್ನು ಎರಡೂ ಕೈಯಲ್ಲಿ ಚಾಚಿ ತೋರಿಸುತ್ತಿದ್ದಾಳೆ, ಕೂಸು ದೇವಿಯ ಕಡೆ ಕೈ ನೀಡುತ್ತಿದೆ. ಬಲಿಯ ಪ್ರಾಣಿ ಹಿಡಿದ ಆಳು, ತಲೆಯ ಮೇಲೆ ನೈವೇದ್ಯದ ತಟ್ಟೆ ಹೊತ್ತ ಕೆಲಸದವಳು, ತಲೆ ತುಂಬ ಹೊದ್ದ ಮನೆಯ ಹಿರಿಯ ಹೆಂಗಸು. ಅವರೆಲ್ಲರ ಹಿಂದೆ, ಮೇಲುಗಡೆ, ಸಾಲಾಗಿ ಬಟ್ಟೆಗಳು ನೇತುಬಿದ್ದಿವೆ, ಜೊತೆಗೆ ಒಂದು ಜೊತೆ ಚಪ್ಪಲಿ. ಈ ಮನೆಯವರಿಗೆ ಮುಂಚೆ ಬಂದು ಹೋದವರ ಹರಕೆಗಳು ಅವು.

ಎಲ್ಲ ಹರಕೆಯೂ ಒಂದೇ ತೂಕದ್ದಲ್ಲ. ಕ್ರಿ.ಪೂ. 3ನೇ ಶತಮಾನದ ಕವಿ ಕ್ಯಾಲಿಮಾಕಸ್ ಒಂದು ಸಣ್ಣ ಪದ್ಯದಲ್ಲಿ ಲೈಕಾಯ್ನಿಸ್ ಅನ್ನುವವಳ ಬಾಯಲ್ಲಿ ಐಲಿಥಿಯಾಗೆ ಮಾತಾಡಿಸುತ್ತಾನೆ. ಮುಂದಿನ ಸಲವೂ ಕರೆದಾಗ ಬಾ ತಾಯಿ, ಇದು ಹೆಣ್ಣು ಮಗುವಿಗೆ ಕೊಟ್ಟದ್ದು, ಗಂಡಾದರೆ ನಿನ್ನ ಗುಡಿಗೆ ಬೇರೆ ಏನಾದರೂ ಬರುತ್ತದೆ ಅಂತ. ನಾಲ್ಕೇ ಸಾಲು, ಆ ಮನೆಯ ಆಸೆಯೆಲ್ಲ ಅದರಲ್ಲಿದೆ.

ಇನ್ನೊಂದು ಗೋಜಲು ಇದೆ. ಹೆರಿಗೆಗೆ ದೇವಿ ಬೇಕು, ಆದರೆ ಹೆರಿಗೆ ಮೈಲಿಗೆ. ಹೆತ್ತ ಮನೆಯ ಪುರುಡು ನಮಗೆ ಗೊತ್ತಿರುವ ವಿಷಯ, ಗ್ರೀಕರಿಗೂ ಅದು ಇತ್ತು. ಉತ್ತರ ಆಫ್ರಿಕಾದ ಗ್ರೀಕ್ ಊರು ಸಿರೀನಿಯ ಒಂದು ಶಾಸನದ ಪ್ರಕಾರ ಹೆರಿಗೆ ಆದ ಮನೆಯೊಳಗಿದ್ದವರಿಗೆ ಮೂರು ದಿನ ಮೈಲಿಗೆ. ಅದೇ ಶಾಸನ ಬಸುರಿ ಹೆರುವ ಮುಂಚೆ ಆರ್ಟೆಮಿಸಳ ಗುಡಿಗೆ ಹೋಗಲೇಬೇಕು, ಬಲಿಯ ಪ್ರಾಣಿಯ ಕಾಲು, ತಲೆ, ಚರ್ಮ "ಕರಡಿ" ಅನ್ನಿಸಿಕೊಂಡ ಪೂಜಾರಿಣಿಗೆ ಸೇರಬೇಕು ಅನ್ನುತ್ತದೆ. ಹೆರುವ ಮುಂಚೆ ಹೋಗದಿದ್ದರೆ ಆಮೇಲೆ ಬೆಳೆದ ಪ್ರಾಣಿಯನ್ನೇ ಕೊಡಬೇಕು. ಡೆಲೋಸ್ ಇನ್ನೂ ವಿಪರೀತ. ಅಪೊಲೊ ಹುಟ್ಟಿದ ಜಾಗ ಅಂತಲೇ ಪವಿತ್ರವಾದ ಆ ದ್ವೀಪದಲ್ಲಿ ಇನ್ನು ಯಾರೂ ಹೆರಬಾರದು, ಸಾಯಬಾರದು ಅಂತ ಅಥೆನ್ಸಿನವರು ಕ್ರಿ.ಪೂ. 426ರಲ್ಲಿ ಕಟ್ಟು ಮಾಡಿದರು. ನೋವು ಬಂದವಳನ್ನು ದೋಣಿ ಹತ್ತಿಸಿ ಪಕ್ಕದ ರೆನಿಯಾ ದ್ವೀಪಕ್ಕೆ ಸಾಗಿಸಬೇಕು. ಯೂರಿಪಿಡಿಸನ ಇಫಿಜಿನಿಯಾ ಇದನ್ನು ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾಳೆ: ಬಾಣಂತಿಯನ್ನು ಮುಟ್ಟಿದವರನ್ನು ಬಲಿಪೀಠದಿಂದ ದೂರ ಇಡುವ ಈ ದೇವಿ ತಾನು ಮಾತ್ರ ನರಬಲಿ ತೆಗೆದುಕೊಳ್ಳುತ್ತಾಳಲ್ಲ! ಉತ್ತರವನ್ನೂ ಅವಳೇ ಕೊಟ್ಟುಕೊಳ್ಳುತ್ತಾಳೆ: ದೇವರು ಕೆಟ್ಟವರಲ್ಲ, ಇಲ್ಲಿನ ಕೊಲೆಗಡುಕ ಜನ ತಮ್ಮ ತಪ್ಪನ್ನು ದೇವಿಯ ಮೇಲೆ ಹಾಕಿದ್ದಾರೆ ಅಂತ.

ಗ್ರೀಸ್ ಬಿಟ್ಟು ಈಜಿಪ್ಟಿಗೆ ಹೋದರೆ ಈ ದೂರ ಕಾಣೋದಿಲ್ಲ, ಅಲ್ಲಿ ದೇವತೆಗಳು ಹೆರುವ ಜಾಗಕ್ಕೇ ಬರುತ್ತಾರೆ. ಹೆಂಗಸರು ಇಟ್ಟಿಗೆ ಜೋಡಿಸಿ ಅದರ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹೆರುತ್ತಿದ್ದರು. 2001ರಲ್ಲಿ ಅಬಿಡೋಸಿನಲ್ಲಿ ಅಂಥ ಒಂದು ಇಟ್ಟಿಗೆ ಸಿಕ್ಕಿತು, ಸುಮಾರು 3700 ವರ್ಷ ಹಳೆಯದು. ಅದರ ಮೇಲೆ ಕೂಸನ್ನು ಎತ್ತಿಕೊಂಡ ತಾಯಿ, ಎರಡೂ ಪಕ್ಕ ಹಾಥೋರ್ ದೇವಿಯ ಮುಖವುಳ್ಳ ಕಂಬಗಳು.

ಇಷ್ಟೆಲ್ಲ ಪೂಜೆ ಇದ್ದ ಮೇಲೆ ವೈದ್ಯ ಇರಲಿಲ್ಲವಾ ಅಂತ ಕೇಳಬಹುದು. ಎರಡೂ ಒಟ್ಟಿಗೇ ಇದ್ದವು. ಸಾಕ್ರಟೀಸನ ತಾಯಿ ಫೆನಾರೆಟೆ ಸೂಲಗಿತ್ತಿ. ಪ್ಲೇಟೋ ಬರೆದ ಒಂದು ಸಂವಾದದಲ್ಲಿ ಸಾಕ್ರಟೀಸ್, ಮುಟ್ಟು ನಿಂತು ಇನ್ನು ಹೆರಲಾರದ ಹೆಂಗಸರೇ ಸೂಲಗಿತ್ತಿಯರಾಗುತ್ತಾರೆ ಅನ್ನುತ್ತಾನೆ. ಆರ್ಟೆಮಿಸ್ ಹೆತ್ತವಳಲ್ಲ, ಆದರೆ ಮನುಷ್ಯರಿಗೆ ಅನುಭವ ಇಲ್ಲದೆ ಕೆಲಸ ಬರುವುದಿಲ್ಲ, ಹಾಗಾಗಿ ಹೆತ್ತು ಮುಗಿಸಿದವರಿಗೆ ಆ ಕೆಲಸ ಕೊಟ್ಟು ತನ್ನನ್ನು ಹೋಲುವಂತೆ ಮಾಡಿದಳು ಅಂತ ಅವನ ವಿವರಣೆ. ಅದೇ ಸೂಲಗಿತ್ತಿಯರು ಔಷಧಿ ಕೊಟ್ಟು, ಮಂತ್ರ ಹೇಳಿ ನೋವು ಏರಿಸಬಲ್ಲರು, ಇಳಿಸಬಲ್ಲರು ಅಂತಲೂ ಹೇಳುತ್ತಾನೆ. ಔಷಧಿ, ಮಂತ್ರ ಎರಡೂ ಒಂದೇ ಉಸಿರಿನಲ್ಲಿ.

ಗಂಡು ವೈದ್ಯರಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. ಹಿಪೊಕ್ರೆಟಿಸನ ಹೆಸರಿನಲ್ಲಿರುವ ಒಂದು ಪುಟ್ಟ ಬರಹದಲ್ಲಿ, ಮೈನೆರೆದ ಹುಡುಗಿಯರಿಗೆ ಹುಚ್ಚು ಹಿಡಿದ ಹಾಗಾಗಿ ವಾಸಿಯಾದರೆ, ಕಣಿ ಹೇಳುವವರ ಮಾತು ಕೇಳಿ ಬೆಲೆಬಾಳುವ ಬಟ್ಟೆಗಳನ್ನು ಆರ್ಟೆಮಿಸಳಿಗೆ ಕೊಟ್ಟು ಮೋಸ ಹೋಗುತ್ತಾರೆ ಅಂತ ದೂರು ಇದೆ. ಅದನ್ನು ಬರೆದ ವೈದ್ಯ ಕೊಡುವ ಮದ್ದು ಏನು? ಬೇಗ ಮದುವೆ ಮಾಡಿ, ಬಸುರಿಯಾದರೆ ಸರಿಹೋಗುತ್ತದೆ. ಹದಿನಾಲ್ಕರ ಹುಡುಗಿಗೆ ಬಸುರು ಎಷ್ಟು ಅಪಾಯ ಅಂತ ಈಗ ನಮಗೆ ಗೊತ್ತು. ಈ ಒಂದು ವಿಷಯದಲ್ಲಿ ವೈದ್ಯನಿಗಿಂತ ದೇವಿಯ ಗುಡಿಯೇ ಆ ಹುಡುಗಿಗೆ ಕಡಿಮೆ ಕೇಡು ಮಾಡುತ್ತಿತ್ತು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇದಕ್ಕಿಂತ ನಾಲ್ಕೈದು ಶತಮಾನ ಆದಮೇಲೆ ಬಂದ ಸೊರೇನಸ್ ಬೇರೆ ಥರದವನು. ಎಫೆಸಸ್ ಊರಿನವನು. ಎಫೆಸಸ್ ಅಂದರೆ ಆರ್ಟೆಮಿಸಳ ಅತಿ ದೊಡ್ಡ ಗುಡಿ ಇದ್ದ ಊರು. ಆ ಗುಡಿ ಕ್ರಿ.ಪೂ. 356ರಲ್ಲಿ ಸುಟ್ಟುಹೋದಾಗ, ಆವತ್ತು ಅಲೆಕ್ಸಾಂಡರ್ ಹುಟ್ಟುತ್ತಿದ್ದ, ದೇವಿ ಹೆರಿಗೆ ನೋಡಲು ಹೋಗಿದ್ದಳು, ಅದಕ್ಕೇ ಗುಡಿ ಉಳಿಸಿಕೊಳ್ಳಲಿಲ್ಲ ಅಂತ ಒಬ್ಬ ಚಮತ್ಕಾರದ ಮಾತು ಆಡಿದ್ದ. ಸೊರೇನಸ್ ರೋಮಿನಲ್ಲಿ ವೈದ್ಯನಾಗಿ ಹೆರಿಗೆಯ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಒಳ್ಳೆಯ ಸೂಲಗಿತ್ತಿಗೆ ಓದು ಬರಹ ಬರಬೇಕು, ಬೆರಳು ಉದ್ದವಾಗಿ ಉಗುರು ಗಿಡ್ಡವಾಗಿರಬೇಕು, ಗಾಬರಿ ಬೀಳಬಾರದು, ಕನಸು ಶಕುನ ಅಂತ ಮಾಡಬೇಕಾದ ಚಿಕಿತ್ಸೆ ಬಿಡಬಾರದು ಅನ್ನುತ್ತಾನೆ.

ಅದೇ ಸೊರೇನಸ್ ಹೆಂಗಸರ ರಕ್ತಸ್ರಾವದ ಬಗ್ಗೆ ಬರೆಯುವಾಗ ತಾಯಿತಗಳ ಮಾತು ತೆಗೆಯುತ್ತಾನೆ. ಅವನ ಕಾಲದಲ್ಲಿ ಹೆಂಗಸರು ಗರ್ಭಕೋಶದ ಚಿತ್ರ, ಅದರ ಕೆಳಗೆ ಬೀಗದ ಕೈ ಕೊರೆದ ಸಣ್ಣ ಕಲ್ಲುಗಳನ್ನು ಮೈಮೇಲೆ ಧರಿಸುತ್ತಿದ್ದರು, ಅಂಥವು ಬೇಕಾದಷ್ಟು ಸಿಕ್ಕಿವೆ. ತಾಯಿತದಿಂದ ರಕ್ತ ನಿಲ್ಲುತ್ತದೆ ಅಂತ ಸೊರೇನಸ್ ನಂಬುವುದಿಲ್ಲ. ಆದರೂ ಬೇಡ ಅನ್ನಬೇಡಿ, ನೇರವಾಗಿ ಏನೂ ಮಾಡದಿದ್ದರೂ ಆಸೆ ಹುಟ್ಟಿಸಿ ರೋಗಿಯ ಮನಸ್ಸಿಗೆ ಗೆಲುವು ಕೊಡಬಹುದು ಅಂತ ಬರೆದಿದ್ದಾನೆ. ಮಾಡಬೇಕಾದ ಚಿಕಿತ್ಸೆಯನ್ನು ಬಿಡದೆ, ಅವಳ ಕೈಯಲ್ಲಿರೋದನ್ನೂ ಕಿತ್ತುಕೊಳ್ಳದೆ ಇರುವ ವೈದ್ಯ ಆ ಕಾಲದ ಬರಹಗಳಲ್ಲಿ ತುಂಬ ಅಪರೂಪ.